ಉಪ್ಪಿಗೆ ಹೋದವನು ಮರಳು ತಂದ ಕಥೆ

ನಮ್ಮ ಚರ್ಚಿನಿಂದ ಆಫ್ರಿಕಾದ ಮಲಾವಿ ದೇಶಕ್ಕೆ ಸೇವೆಗೆ ಹೋಗುವವರು ತುಂಬಬೇಕಿದ್ದ ಅರ್ಜಿಯಲ್ಲಿ "ನಿಮಗೆ ಬರುವ ಕೆಲಸ" ಅಂತ ಒಂದು ಕಾಲಂ ಇತ್ತು. ಜೊತೆಗೆ ಹೊರಟವರಲ್ಲಿ ಒಬ್ಬರು ನಿವೃತ್ತ ನರ್ಸ್, ಒಬ್ಬ ಎಲೆಕ್ಟ್ರಿಷಿಯನ್, ಇಬ್ಬರು ಮೇಷ್ಟ್ರು. ಅವರೆಲ್ಲ ಒಂದೊಂದು ಪದದಲ್ಲಿ ಬರೆದು ಮುಗಿಸಿದರು. ನಾನು ಪೆನ್ನು ಕಚ್ಚಿಕೊಂಡು ಕೂತು ಕೊನೆಗೆ "ಏನು ಕೊಟ್ಟರೂ ಮಾಡುತ್ತೇನೆ" ಅಂತ ಬರೆದೆ. ಹೀಗೆ ಬರೆಯುವವರಿಗೆ ಏನೂ ಬರುವುದಿಲ್ಲ ಅನ್ನುವುದು ಇಂಥ ಅರ್ಜಿಗಳನ್ನು ಓದಿ ಪಳಗಿದ ನಮ್ಮ ಪಾಸ್ಟರಿಗೆ ಗೊತ್ತಿತ್ತು. ಆದರೂ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿ ಸಹಿ ಹಾಕಿದರು. ಆ ಪ್ರಾರ್ಥನೆ ನನಗಾಗಿ ಅಂದುಕೊಂಡಿದ್ದೆ. ಮಲಾವಿಯವರಿಗಾಗಿ ಅಂತ ಆಮೇಲೆ ತಿಳಿಯಿತು.

ನಾವು ಹೋದದ್ದು ಎರಡು ವಾರಕ್ಕೆ. ಮಲಾವಿಯ ದಕ್ಷಿಣದಲ್ಲಿ, ಬ್ಲಾಂಟೈರ್ ನಗರದಿಂದ ಥ್ಯೋಲೊ ಕಡೆಗೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ. (ಬರೆಯುವುದು ಥ್ಯೋಲೊ, ಕರೆಯುವುದು ಚೋಲೊ. ಇದನ್ನು ಮೊದಲ ದಿನವೇ ತಪ್ಪು ಹೇಳಿ ಮಿನಿಬಸ್ಸಿನವನನ್ನು ನಗಿಸಿದೆ.) ಶಾಲೆಗೆ ಒಂದು ಕೊಠಡಿ ಕಟ್ಟಲು ಕೈಜೋಡಿಸಬೇಕಿತ್ತು. ಆ ದೇಶದಲ್ಲಿ 1994ರಲ್ಲಿ ಪ್ರಾಥಮಿಕ ಶಿಕ್ಷಣ ಉಚಿತವಾಯಿತು. ಮಕ್ಕಳು ಒಂದೇ ಸಲಕ್ಕೆ ಶಾಲೆಗೆ ನುಗ್ಗಿದರು, ಕೊಠಡಿಗಳು ಮಾತ್ರ ಅಷ್ಟೇ ಇದ್ದವು. ನಾವು ಹೋದ ಹಳ್ಳಿಯಲ್ಲೂ ಎರಡು ತರಗತಿ ಮಾವಿನ ಮರದ ಕೆಳಗೇ ನಡೆಯುತ್ತಿದ್ದವು.

ಮರದ ಕೆಳಗೆ ಅಂದಾಗ ನಿಮಗೆ ತಂಪು ನೆರಳು ಅನ್ನಿಸಿರಬೇಕು ಅಲ್ವಾ? ನನಗೂ ಅನ್ನಿಸಿತ್ತು. ಆಫ್ರಿಕಾ ಅಂದರೆ ಬಿಸಿಲು, ಬಿಸಿಲು ಅಂದರೆ ತೆಳು ಅಂಗಿ, ಇಷ್ಟೇ ನನ್ನ ಭೂಗೋಳ. ಚರ್ಚಿನವರು ದಾನಕ್ಕೆ ಅಂತ ಕೊಟ್ಟ ಹಳೇ ಬಟ್ಟೆಗಳ ಚೀಲದಲ್ಲಿ ಎರಡು ಸ್ವೆಟರ್ ಇದ್ದವು. "ಆಫ್ರಿಕಾಕ್ಕೆ ಯಾರಾದರೂ ಸ್ವೆಟರ್ ಒಯ್ಯುತ್ತಾರಾ?" ಅಂತ ಬುದ್ಧಿವಂತನ ಹಾಗೆ ನಾನೇ ತೆಗೆದು ಹೊರಗಿಟ್ಟಿದ್ದೆ. ಜುಲೈ ಅಂದರೆ ಭೂಮಧ್ಯರೇಖೆಯ ಆ ಕಡೆ ಚಳಿಗಾಲ, ಬ್ಲಾಂಟೈರ್ ಸುತ್ತಿನ ಆ ನಾಡು ಸಮುದ್ರಮಟ್ಟದಿಂದ ಸಾವಿರ ಮೀಟರ್ ಎತ್ತರದಲ್ಲಿದೆ, ಸಾಲದ್ದಕ್ಕೆ ಮೊಜಾಂಬಿಕ್ ಕಡೆಯಿಂದ ಚಿಪೆರೋನಿ ಅಂತ ಒಂದು ಬರುತ್ತದೆ. ಮಂಜು, ಜಿಟಿಜಿಟಿ ಮಳೆ, ಕೊರೆಯುವ ಗಾಳಿ, ಮೂರೂ ಸೇರಿ ಅದಕ್ಕೆ ಒಂದೇ ಹೆಸರು. ವಿಮಾನ ನಿಲ್ದಾಣದಲ್ಲಿ ನಮ್ಮನ್ನು ಕರೆದೊಯ್ಯಲು ಬಂದ ಅಲ್ಲಿನ ಪಾದ್ರಿಗಳು ದಪ್ಪ ಜಾಕೆಟ್ ಹಾಕಿ, ಮಫ್ಲರ್ ಸುತ್ತಿ ನಿಂತಿದ್ದರು. ನಾನು ಹೂವಿನ ಚಿತ್ರವಿದ್ದ ಅರ್ಧ ತೋಳಿನ ಅಂಗಿಯಲ್ಲಿ ಇಳಿದೆ. ಅವರು ಕೈ ಕುಲುಕಿ, ಅದು ನಡುಗುತ್ತಿದ್ದದ್ದು ನೋಡಿ, ಭಾವೋದ್ವೇಗ ಅಂದುಕೊಂಡರಂತೆ.

ಪಾದ್ರಿಗಳನ್ನು ಅಲ್ಲಿ ಅಬುಸಾ ಅನ್ನುತ್ತಾರೆ. ಮರುದಿನ ಅಬುಸಾ ನನ್ನನ್ನು ಕೌಂಜಿಕಾಗೆ ಕರೆದೊಯ್ದರು. ಕೌಂಜಿಕಾ ಅಂದರೆ ಹೊರದೇಶಗಳಿಂದ ಬಂದ ಹಳೇ ಬಟ್ಟೆಗಳನ್ನು ರಾಶಿ ಹಾಕಿ ಮಾರುವ ಸಂತೆ. ರಾಶಿ ಕೆದಕಿ ಒಂದು ಹಸಿರು ಸ್ವೆಟರ್ ಹಿಡಿದೆ. ಚೌಕಾಸಿ ಮಾಡಿದೆ, ಸೋತೆ, ಕ್ವಾಚಾ ನೋಟುಗಳ ಕಟ್ಟು ಎಣಿಸಿ ಕೊಟ್ಟೆ. ಹಾಕಿಕೊಂಡ ಮೇಲೆ ಅಬುಸಾ ನನ್ನ ಬೆನ್ನು ಓದಿ ನಗಲು ಶುರು ಮಾಡಿದರು. ಎಲ್ಲಿಯದೋ ಚರ್ಚಿನ ಸೇವಾ ಶಿಬಿರದ ಹೆಸರು ಅಲ್ಲಿ ದೊಡ್ಡದಾಗಿ ಅಚ್ಚಾಗಿತ್ತು. ನನ್ನಂಥವನೇ ಯಾರೋ ದಾನ ಮಾಡಿದ್ದು. ನಾನು ಒಂದು ಚೀಲ ಹಳೇ ಬಟ್ಟೆ ದಾನಕ್ಕೆ ಹೊತ್ತು ತಂದು ಒಂದು ಹಳೇ ಬಟ್ಟೆ ದುಡ್ಡು ಕೊಟ್ಟು ಕೊಂಡೆ. ಅದನ್ನೇ ಎರಡು ವಾರ ಹಾಕಿಕೊಂಡೆ, ಮಲಗುವಾಗಲೂ.

ಅದೇ ಸಂತೆಯಲ್ಲಿ ಒಬ್ಬ ಅಜ್ಜಿ ನನ್ನನ್ನು ತಡೆದು ಸಕ್ಕರೆ ರೇಟು ಎಷ್ಟಾಗಿದೆ ಅಂತ ಕೇಳಿದರು. ಮಲಾವಿಯಲ್ಲಿ ಭಾರತೀಯರಿಗೆ ಅಮ್ವೆನ್ಯೆ ಅನ್ನುತ್ತಾರೆ. ಅಲ್ಲಿ ನಮ್ಮವರು ತಲೆಮಾರುಗಳಿಂದ ಅಂಗಡಿ ಇಟ್ಟವರು. ಹಾಗಾಗಿ ನನ್ನ ಮುಖ ನೋಡಿದವರಿಗೆ ಗಲ್ಲಾಪೆಟ್ಟಿಗೆ ಕಾಣುತ್ತಿತ್ತು. ಶಾಲೆ ಕಟ್ಟಲು ಬಂದಿದ್ದೇನೆ ಅಂತ ಅಬುಸಾ ವಿವರಿಸಿದರು. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಏನೋ ಅಂದರು. ಅಬುಸಾ ಅದನ್ನು ಅನುವಾದ ಮಾಡಲಿಲ್ಲ.

ಅಜ್ಜಿ ಏನು ಅಂದಿರಬಹುದು ಅನ್ನುವುದು ಕೆಲಸದ ಮೊದಲ ದಿನವೇ ಗೊತ್ತಾಯಿತು. ಮೇಸ್ತ್ರಿ ಜಾಸ್ತಿ ಮಾತಿನವರಲ್ಲ. ಕೈಗೆ ಕರಣೆ ಕೊಟ್ಟು, ಗಾರೆ ಹಾಕಿ ಇಟ್ಟಿಗೆ ಕೂರಿಸುವುದನ್ನು ಒಂದು ಸಲ ತೋರಿಸಿ ಆಚೆ ಹೋದರು. ನಾನು ಒಂದು ಗಂಟೆಯಲ್ಲಿ ಹನ್ನೊಂದು ಇಟ್ಟಿಗೆ ಇಟ್ಟು ಹಿಂದೆ ಸರಿದು ನೋಡಿದೆ. ಚೆನ್ನಾಗಿಯೇ ಕಂಡಿತು. ಫೋಟೋ ಕೂಡ ತೆಗೆದುಕೊಂಡೆ. ಮೇಸ್ತ್ರಿ ಬಂದು ತೂಗುಗುಂಡು ಇಳಿಬಿಟ್ಟರು. ಅದು ಗೋಡೆಯಿಂದ ದೂರ ನಿಂತು ನನ್ನನ್ನೇ ನೋಡುತ್ತಿತ್ತು. "ಪೆಪಾನಿ" ಅಂದರು. ಪೆಪಾನಿ ಅಂದರೆ ಕ್ಷಮಿಸಿ. ನನಗೆ ಹೇಳಿದರೋ ಗೋಡೆಗೆ ಹೇಳಿದರೋ, ಹೇಳಿ ಹನ್ನೊಂದೂ ಇಟ್ಟಿಗೆ ಕಿತ್ತು, ಗಾರೆ ಕೆರೆದು, ಪಕ್ಕಕ್ಕಿಟ್ಟರು. ಹತ್ತು ನಿಮಿಷದಲ್ಲಿ ಅದೇ ಇಟ್ಟಿಗೆಗಳು ಶಿಸ್ತಾಗಿ ಕೂತಿದ್ದವು.

ಆಮೇಲೆ ನನ್ನ ಹಿಂಬಡ್ತಿ ಶುರುವಾಯಿತು. ಗಾರೆ ಕಲಸಲು ಹಾಕಿದರು, ನೀರು ಜಾಸ್ತಿಯಾಗಿ ಗಂಜಿಯಾಯಿತು. ಇಟ್ಟಿಗೆ ಹೊರಲು ಹಾಕಿದರು. ಹೆಂಗಸರು ತಲೆ ಮೇಲೆ ಹತ್ತು ಹನ್ನೆರಡು ಪೇರಿಸಿಕೊಂಡು ಪಕ್ಕದವಳ ಹತ್ತಿರ ಹರಟುತ್ತಾ ಹೋಗುತ್ತಿದ್ದರು. ನಾನು ನಾಲ್ಕು ಎತ್ತಿಕೊಂಡು, ಮೂರನ್ನು ಮುಟ್ಟಿಸಿ, ನಾಲ್ಕನೆಯದನ್ನು ನನ್ನ ಹೆಬ್ಬೆರಳಿನ ಮೇಲೆ ಇಳಿಸಿದೆ. ಊರವರಿಗೆ ಚಿಕಿತ್ಸೆ ಮಾಡಲು ಪೆಟ್ಟಿಗೆ ತುಂಬಾ ಔಷಧಿ ತಂದಿದ್ದ ನರ್ಸ್ ಆಂಟಿ ಓಡಿ ಬಂದರು. "ಇಷ್ಟು ದೂರ ಬಂದು ಮೊದಲ ರೋಗಿ ನೀನೇ ಸಿಗಬೇಕಿತ್ತೇನೋ?" ಅಂದು ಪಟ್ಟಿ ಕಟ್ಟಿದರು. ಮುಂದಿನ ಹುದ್ದೆ ದಾರ ಹಿಡಿಯುವುದು. ಇಟ್ಟಿಗೆಯ ಸಾಲು ನೇರ ಬರಲು ಆ ತುದಿಯಿಂದ ಈ ತುದಿಗೆ ದಾರ ಎಳೆಯುತ್ತಾರಲ್ಲ, ಅದರ ಈ ತುದಿ ನನ್ನದು. ಇದರಲ್ಲಿ ನಾನು ತಪ್ಪು ಮಾಡಲಿಲ್ಲ. ಆದರೆ ಆ ಕೆಲಸವನ್ನು ಮೊಳೆಯೂ ಮಾಡುತ್ತದೆ. ಮೂರನೇ ದಿನ ಮೇಸ್ತ್ರಿಗೆ ಒಂದು ಮೊಳೆ ಸಿಕ್ಕಿತು.

ಕೊನೆಗೆ ಮಕ್ಕಳ ಜೊತೆ ಫುಟ್‌ಬಾಲ್ ಆಡುವ ಕೆಲಸ ಕೊಟ್ಟರು. ಮಕ್ಕಳು ಗೋಡೆ ಹತ್ತಿರ ಬಾರದಂತೆ ನೋಡಿಕೊಳ್ಳಿ ಅಂತ ಕಾರಣ ಹೇಳಿದರು. ನಾನು ಗೋಡೆ ಹತ್ತಿರ ಬಾರದಂತೆ ನೋಡಿಕೊಳ್ಳಿ ಅಂತ ಮಕ್ಕಳಿಗೂ ಹೇಳಿದ್ದರು ಅನ್ನುವುದು ನನ್ನ ಅನುಮಾನ.

ಎಲೆಕ್ಟ್ರಿಷಿಯನ್ ಒಬ್ಬನೇ ನನಗೆ ಸಮಾಧಾನ. ಮಲಾವಿಯಲ್ಲಿ ಬ್ರಿಟಿಷರ ಕಾಲದ ಚಪ್ಪಟೆ ಮೂರು ಕಾಲಿನ ಪ್ಲಗ್ಗು, ನಮ್ಮ ಗುಂಡು ಕಾಲಿನದು ಹೋಗುವುದಿಲ್ಲ. ಅಡಾಪ್ಟರ್ ತರಬೇಕು ಅಂತ ಒಂಬತ್ತು ಜನರಲ್ಲಿ ಅವನಿಗೊಬ್ಬನಿಗೆ ಗೊತ್ತಿತ್ತು. ಮರೆತು ಬಂದಿದ್ದ.

ಇನ್ನು ಊಟದ ವಿಷಯ. ಮಧ್ಯಾಹ್ನ ಮೆಕ್ಕೆಜೋಳದ ಹಿಟ್ಟಿನ ನ್ಸಿಮಾ, ಜೊತೆಗೆ ಸೊಪ್ಪು ಅಥವಾ ಬೀನ್ಸ್ ಇಲ್ಲವೇ ಸಣ್ಣ ಮೀನು. ನ್ಸಿಮಾಕ್ಕೆ ಉಪ್ಪು ಹಾಕುವುದಿಲ್ಲ, ರುಚಿಯೆಲ್ಲ ಪಕ್ಕದ ಪದಾರ್ಥದ್ದು. ನನಗೆ ಸ್ವಲ್ಪ ಉಪ್ಪು ಬೇಕೆನಿಸಿತು. ಇಂಗ್ಲಿಷಿನಲ್ಲಿ ಕೇಳಿದ್ದರೆ ಕೊಡುತ್ತಿದ್ದರು. ಆದರೆ ಚಿಚೆವಾ ಭಾಷೆ ಕಲಿಯುವ ಹುಮ್ಮಸ್ಸು ನೋಡಿ, ಬೆಳಗ್ಗೆಯಿಂದ ಕೇಳಿಸಿಕೊಂಡಿದ್ದ ಪದವೊಂದನ್ನು ಧೈರ್ಯವಾಗಿ ಹೇಳಿದೆ: "ಮ್ಚೆಂಗಾ, ಜಿಕೊಮೊ." ಜಿಕೊಮೊ ಅಂದರೆ ಥ್ಯಾಂಕ್ಸ್. ಅಡುಗೆಯ ಅಮ್ಮ ಕೈ ಕೆಳಗಿಟ್ಟು ನನ್ನ ಮುಖ ನೋಡಿದರು. ಅವರ ಮಗ, ಏಳೆಂಟು ವರ್ಷದವನು, ಅತಿಥಿ ಕೇಳಿದ್ದಾರೆ ಅಂತ ಎದ್ದು ಹೊರಗೆ ಓಡಿ ಒಂದು ತಟ್ಟೆಯಲ್ಲಿ ಹಿಡಿ ಮರಳು ತಂದು ನನ್ನ ಮುಂದೆ ಇಟ್ಟ. ಮ್ಚೆಂಗಾ ಅಂದರೆ ಮರಳು. ಮ್ಚೆರೆ ಅಂದರೆ ಉಪ್ಪು. ಬೆಳಗ್ಗೆಯಿಂದ ಗಾರೆ ಕಲಸುವ ಕಡೆ ನಿಂತವನಿಗೆ ಇನ್ನೇನು ಪದ ಕಿವಿಗೆ ಬೀಳುತ್ತದೆ ಹೇಳಿ?

ಇನ್ನೊಮ್ಮೆ ಹೀಗಾಗಬಾರದು ಅಂತ ನೆನಪಿಗೆ ಒಂದು ಗುರುತು ಮಾಡಿಕೊಂಡೆ. ಮ್ಚೆರೆ, ಕೆರೆ. ಪ್ರಾಸ ಇದೆ. ಕೆರೆಯಲ್ಲಿ ಇರುವುದು ಸಿಹಿನೀರು, ಅಂದರೆ ಕೆರೆಯಲ್ಲಿ ಇಲ್ಲದ್ದು ಉಪ್ಪು, ಆದ್ದರಿಂದ ಮ್ಚೆರೆ ಅಂದರೆ ಉಪ್ಪು. ಅದ್ಭುತ ಉಪಾಯ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಮುಂದಿನ ಅನಾಹುತಕ್ಕೆಲ್ಲ ಈ ಕೆರೆಯೇ ಕಾರಣ.

ಶನಿವಾರ ಅಬುಸಾ ನಮ್ಮನ್ನು ಬ್ಲಾಂಟೈರಿನ ಹಳೇ ಚರ್ಚು ತೋರಿಸಲು ಕರೆದೊಯ್ದರು. ಸೇಂಟ್ ಮೈಕೆಲ್ ಅಂಡ್ ಆಲ್ ಏಂಜೆಲ್ಸ್. ಕೆಂಪು ಇಟ್ಟಿಗೆ, ಗೋಪುರ, ಕಮಾನು, ಗುಮ್ಮಟ, ಬಾಯಿ ಬಿಟ್ಟುಕೊಂಡು ನೋಡುವಂಥದ್ದು. 1888ರಲ್ಲಿ ಶುರು ಮಾಡಿ 1891ರಲ್ಲಿ ಮುಗಿಸಿದ್ದು. ಕಟ್ಟಿಸಿದವರು ಡೇವಿಡ್ ಕ್ಲೆಮೆಂಟ್ ಸ್ಕಾಟ್ ಅನ್ನುವ ಸ್ಕಾಟ್ಲೆಂಡಿನ ಮಿಷನರಿ. ಅವರು ವಾಸ್ತುಶಿಲ್ಪ ಕಲಿತವರೇ ಅಲ್ಲ ಅಂತ ಅಬುಸಾ ಹೇಳಿದ್ದೇ ತಡ, ನನ್ನ ಎದೆ ಉಬ್ಬಿತು. ಪಕ್ಕದಲ್ಲಿದ್ದ ಮೇಸ್ತ್ರಿಯ ಕಡೆ ತಿರುಗಿ "ನೋಡಿದಿರಾ ಬಾಂಬೊ?" ಅಂದೆ. ಬಾಂಬೊ ಅಂದರೆ ಅಪ್ಪ, ಯಜಮಾನ, ಗೌರವದ ಮಾತು. ಮೇಸ್ತ್ರಿ ಗೋಡೆಯನ್ನು ಕೈಯಿಂದ ಸವರುತ್ತಾ ಹೇಳಿದರು, "ಇಟ್ಟಿಗೆ ಇಟ್ಟವರು ನಮ್ಮ ಕಡೆಯವರು. ಆ ಸ್ಕಾಟ್ ದಾರ ಹಿಡಿದಿರಬೇಕು."

ಆ ಸ್ಕಾಟ್ 1892ರಲ್ಲಿ ಅಲ್ಲಿನ ಮಾಂಗಾಂಜಾ ನುಡಿಗೆ (ಚಿಚೆವಾದ್ದೇ ಒಂದು ಬಗೆ) ದೊಡ್ಡದೊಂದು ನಿಘಂಟು ಬೇರೆ ಪ್ರಕಟಿಸಿದರು. ಅದಾಗಿ ಎರಡು ವರ್ಷಕ್ಕೆ, 1894ರಲ್ಲಿ, ನಮ್ಮ ಕಿಟೆಲ್ ಕನ್ನಡದ ನಿಘಂಟು ತಂದರು. ಆ ಕಾಲದ ಮಿಷನರಿಗಳು ಹೋದ ಕಡೆಯ ಇಡೀ ಭಾಷೆಯನ್ನು ಕೂಡಿಟ್ಟು ಪುಸ್ತಕ ಮಾಡುತ್ತಿದ್ದರು. ನನಗೆ ಎರಡು ಪದ, ಬರೀ ಎರಡು, ತಲೆಯಲ್ಲಿ ನಿಲ್ಲಬೇಕಿತ್ತು.

ವಾಪಸ್ ಬರುವಾಗ ಮೇಸ್ತ್ರಿಯ ಮುಖ ಬಾಡಿತ್ತು. ಹೊಳೆಯಿಂದ ಮರಳು ತರುವ ಲಾರಿ ಕೆಟ್ಟು ನಿಂತಿದೆ, ಸೋಮವಾರ ಕೆಲಸ ನಿಲ್ಲುತ್ತದೆ ಅಂದರು. ಅಲ್ಲಿನ ರೂಢಿಯಲ್ಲಿ ಶಾಲೆಗೆ ಇಟ್ಟಿಗೆ ಸುಡುವುದು, ಮರಳು ಹೊರುವುದು ಊರವರೇ. ಈ ಸಲ ಹೊರದೇಶದವರು ಬರುತ್ತಿದ್ದಾರೆ, ಎಲ್ಲ ಲಾರಿಯಲ್ಲೇ ಬರುತ್ತದೆ ಅಂತ ಎಲ್ಲರೂ ಬಾಂಡ್ಲಿ ಕೆಳಗಿಟ್ಟಿದ್ದರು. ಅಂದರೆ ನಾವು ಬಂದದ್ದರಿಂದ ಆಗಿದ್ದ ಒಂದೇ ಬದಲಾವಣೆ ಇದು.

ಭಾನುವಾರ ಆರಾಧನೆ. ಒಂದು ಕೊಯರ್ ಹಾಡಿ ಕೂತರೆ ಇನ್ನೊಂದು ಏಳುತ್ತದೆ, ಅದು ಕೂತರೆ ಮತ್ತೊಂದು, ಕಾಣಿಕೆ ಹಾಕಲು ಜನ ಕುಣಿಯುತ್ತಾ ಮುಂದೆ ಬರುತ್ತಾರೆ, ಮೂರು ಗಂಟೆ ಹೋದದ್ದೇ ತಿಳಿಯಲಿಲ್ಲ. ಆಮೇಲೆ ಅತಿಥಿಗಳು ಎದ್ದು ಎರಡು ಮಾತು ಹೇಳಬೇಕು ಅಂದರು. ಉಳಿದವರು ಇಂಗ್ಲಿಷಿನಲ್ಲಿ ಹೇಳಿ ಕೂತರು. ಸುಮ್ನೆ ನಾನೂ ಹಾಗೇ ಮಾಡಬಹುದಿತ್ತು. ಹಿಂದಿನ ರಾತ್ರಿ ಅಬುಸಾರ ಚಿಚೆವಾ ಬೈಬಲ್ ತೆಗೆದು ಮತ್ತಾಯ 5:13 ಬಾಯಿಪಾಠ ಮಾಡಿದ್ದೆ. "ನೀವು ಭೂಮಿಗೆ ಉಪ್ಪಾಗಿದ್ದೀರಿ." ಇಷ್ಟು ಚಂದದ ಮಾತನ್ನು ಅವರ ಭಾಷೆಯಲ್ಲೇ ಹೇಳಿದರೆ ಹನ್ನೊಂದು ಇಟ್ಟಿಗೆಯ ಪಾಪ ತೊಳೆದು ಹೋಗುತ್ತದೆ ಅಂತ ಲೆಕ್ಕ.

"ಮುಲಿ ಬ್ವಾಂಜಿ" ಅಂದೆ. ಚೆನ್ನಾಗಿದ್ದೀರಾ ಅಂತ. ಇಡೀ ಸಭೆ ಉತ್ತರ ಕೊಟ್ಟಿತು. ಉತ್ಸಾಹ ಏರಿತು. "ಇನು ನ್ದಿನು..." ಅಂತ ಶುರು ಮಾಡಿದೆ, ಅಲ್ಲಿಗೆ ಬಂದು ಪದ ಹಾರಿಹೋಯಿತು. ಕೆರೆ ನೆನಪಾಯಿತು. ಕೆರೆ, ಮ್ಚೆರೆ. ಕೆರೆಯಲ್ಲಿ ಏನಿರುತ್ತದೆ? ನೀರು. ನೀರಿನ ಕೆಳಗೆ? ಮರಳು! ಹಾಗಾದರೆ ಮ್ಚೆರೆ ಮರಳು, ಇನ್ನೊಂದು ಉಪ್ಪು. ಇಷ್ಟು ಲೆಕ್ಕ ಎರಡು ಸೆಕೆಂಡಿನಲ್ಲಿ ಮುಗಿಸಿ, ಎದೆ ಸೆಟೆಸಿ, ಎರಡೂ ಕೈ ಚಾಚಿ ಹೇಳಿದೆ: "ಇನು ನ್ದಿನು ಮ್ಚೆಂಗಾ ವಾ ಜಿಕೊ ಲಪಾನ್ಸಿ!"

ನೀವು ಭೂಮಿಗೆ ಮರಳಾಗಿದ್ದೀರಿ.

ಒಂದು ಕ್ಷಣ ಪಿಟ್ ಅನ್ನಲಿಲ್ಲ. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಕಿಸಕ್ಕನೆ ನಕ್ಕ. ತಟ್ಟೆಯಲ್ಲಿ ಮರಳು ತಂದವನೇ. ಅಲ್ಲಿಂದ ನಗು ಬೆಂಚು ಬೆಂಚು ದಾಟಿ ಮುಂದೆ ಬಂತು, ಕೊಯರಿನವರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು, ಯಾವತ್ತೂ ನಗದ ಮೇಸ್ತ್ರಿ ಕರ್ಚೀಫಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ನರ್ಸ್ ಆಂಟಿ ಮಾತ್ರ ಏನೂ ಅರ್ಥವಾಗದೆ ನನ್ನ ಭಾಷಣಕ್ಕೆ ಚಪ್ಪಾಳೆ ತಟ್ಟಿದರು.

ಅಬುಸಾ ಎದ್ದು ನಿಂತರು. ನನ್ನ ಭುಜದ ಮೇಲೆ ಕೈ ಇಟ್ಟು ಗಂಭೀರವಾಗಿ ಏನೋ ಹೇಳಿದರು. ಪಕ್ಕದಲ್ಲಿದ್ದ ಶಾಲೆಯ ಮೇಷ್ಟ್ರು ನನ್ನ ಕಿವಿಯಲ್ಲಿ ಅನುವಾದ ಮಾಡಿದರು: "ಅತಿಥಿ ತಪ್ಪು ಹೇಳಿಲ್ಲ. ಉಪ್ಪಾಗಿರಿ ಅಂತ ಎಷ್ಟೋ ವರ್ಷದಿಂದ ನಾನು ಹೇಳುತ್ತಲೇ ಇದ್ದೇನೆ, ಎಷ್ಟು ಜನ ಕೇಳಿದಿರೋ ದೇವರಿಗೇ ಗೊತ್ತು. ಮರಳಾಗಿರಿ ಅಂತ ಹೇಳಲು ಇವರು ಅಷ್ಟು ದೂರದಿಂದ ಬರಬೇಕಾಯಿತು. ಲಾರಿ ಬರುವುದಿಲ್ಲ. ನಾಳೆ ಬೆಳಗ್ಗೆ ಒಬ್ಬೊಬ್ಬರೂ ಒಂದೊಂದು ಬಾಂಡ್ಲಿ. ಆಮೆನ್?" ಸಭೆ ಆಮೆನ್ ಅಂದಿತು.

ಸೋಮವಾರ ಚಿಪೆರೋನಿಯ ಮಂಜಿನಲ್ಲಿ ಎದ್ದು ಹೊರಗೆ ಬಂದರೆ ಹೊಳೆಯಿಂದ ಶಾಲೆಯವರೆಗೆ ಸಾಲು. ಹೆಂಗಸರು, ಗಂಡಸರು, ಸಣ್ಣ ಡಬ್ಬಿ ಹೊತ್ತ ಮಕ್ಕಳು, ಸಕ್ಕರೆ ರೇಟು ಕೇಳಿದ್ದ ಆ ಅಜ್ಜಿ ಕೂಡ ಒಂದು ಪಾತ್ರೆ ಹಿಡಿದು. ಹತ್ತಿರ ಬಂದವರೆಲ್ಲ ನನ್ನನ್ನು ನೋಡಿ "ಬಾಂಬೊ ಮ್ಚೆಂಗಾ!" ಅಂತ ಕೂಗಿ, ಮರಳು ಸುರಿದು, ನಗುತ್ತಾ ಮತ್ತೆ ಹೊಳೆ ಕಡೆ ಹೋದರು. ಮಧ್ಯಾಹ್ನಕ್ಕೆ ನನ್ನ ಎತ್ತರದ ಗುಡ್ಡೆ ಬಿದ್ದಿತ್ತು. ನಾನೂ ಒಂದು ಬಾಂಡ್ಲಿ ಎತ್ತಲು ಹೋದೆ. ಮೇಸ್ತ್ರಿ ಮೆಲ್ಲಗೆ ನನ್ನ ಕೈ ಹಿಡಿದು ಫುಟ್‌ಬಾಲ್ ಕೊಟ್ಟರು.

ಹೊರಡುವ ಮುನ್ನಾದಿನ ಗೋಡೆ ಮಾಡಿನ ಮಟ್ಟಕ್ಕೆ ಬಂದಿತ್ತು. ಕೊನೆಯ ಊಟಕ್ಕೆ ಎಲ್ಲರೂ ಕೂತಿದ್ದಾಗ ಆ ಹುಡುಗ ನನ್ನ ಮುಂದೆ ಬಂದು ನಿಂತ. ಒಂದು ಕೈಯಲ್ಲಿ ಒಂದು ತಟ್ಟೆ, ಇನ್ನೊಂದು ಕೈಯಲ್ಲಿ ಇನ್ನೊಂದು. ಒಂದರಲ್ಲಿ ಉಪ್ಪು, ಒಂದರಲ್ಲಿ ಮರಳು. ಯಾವುದು ಬೇಕು ಅಂತ ಕಣ್ಣಲ್ಲೇ ಕೇಳಿದ. ಅವನ ಅಮ್ಮ, ಅಬುಸಾ, ಮೇಸ್ತ್ರಿ ಎಲ್ಲರೂ ಊಟ ನಿಲ್ಲಿಸಿ ನನ್ನ ಬಾಯನ್ನೇ ನೋಡುತ್ತಿದ್ದರು.

ನಾನು ಬಾಯಿ ಬಿಡಲಿಲ್ಲ. ಬೆರಳು ತೋರಿಸಿದೆ.