ಸೊಸೆ ಕಲ್ಲೇ ವಾಸಿ

ನಮ್ಮ ಹಾಸನಾಂಬೆ ಗುಡಿಯಲ್ಲಿ ಒಂದು ಸೊಸೆ ಕಲ್ಲಿದೆ. ಅತ್ತೆಯ ಕಾಟ ತಾಳಲಾರದ ಸೊಸೆಯನ್ನು ಅಮ್ಮನೇ ಕಲ್ಲಾಗಿಸಿ ಹತ್ತಿರ ಇಟ್ಟುಕೊಂಡಳಂತೆ. ಆ ಕಲ್ಲು ವರ್ಷಕ್ಕೊಂದು ಅಕ್ಕಿ ಕಾಳಿನಷ್ಟು ದೇವಿಯ ಕಡೆ ಸರಿಯುತ್ತದೆ, ಪಾದ ಮುಟ್ಟಿದ ದಿನ ಕಲಿಯುಗ ಮುಗೀತು ಅಂತ ನಂಬಿಕೆ. ಚಿಕ್ಕವಳಿದ್ದಾಗ ಇದೆಂಥ ನಡಿಗೆ ಅಂತ ನಗುತ್ತಿದ್ದೆ. ಜೀವನಾಂಶದ ಕೇಸು ಹಾಕಿದ ಮೇಲೆ ಆ ಕಲ್ಲಿನ ಬಗ್ಗೆ ಗೌರವ ಬಂದಿದೆ. ಪಾಪ, ಅದು ವಾಯಿದೆ ಕೇಳುವುದಿಲ್ಲ.

ನನ್ನ ಮಗನ ಅಪ್ಪನನ್ನು ಈಗ ‘ಮಾಜಿ ಗಂಡ’ ಅನ್ನಬೇಕು. ಮಾಜಿ ಶಾಸಕ ಅಂದ ಹಾಗೆ ಕೇಳುತ್ತದೆ, ಆದರೆ ಆ ಮಾಜಿಗಳ ಲೆಕ್ಕದಲ್ಲಿ ತಿಂಗಳು ತಿಂಗಳು ದುಡ್ಡು ಬರುತ್ತದೆ. ಇವನಿಗೆ ಹೋದ ಮೊದಲ ನೋಟಿಸ್ ವಾಪಸ್ ಬಂತು. ಶರಾ: ‘ಮನೆಗೆ ಬೀಗ ಹಾಕಿದೆ.’ ಎರಡನೆಯದರ ಶರಾ: ‘ಊರಿನಲ್ಲಿ ಇಲ್ಲ.’ ಅದೇ ವಾರ ಸಕಲೇಶಪುರದ ಒಂದು ಗೃಹಪ್ರವೇಶದಲ್ಲಿ ಅವನು ಪಂಕ್ತಿಗೆ ಬಡಿಸುತ್ತಿದ್ದ. ಊಟಕ್ಕೆ ಕೂತಿದ್ದ ನಮ್ಮ ಚಿಕ್ಕಮ್ಮನಿಗೆ ಗುರುತು ಹಿಡಿದು ಎರಡೆರಡು ಸಲ ಪಾಯಸ ಹಾಕಿದನಂತೆ. ಚೀಟಿ ದುಡ್ಡಿನವನಿಗೆ ಸಿಗುತ್ತಾನೆ, ಲಗ್ನಪತ್ರಿಕೆ ಹಂಚುವವರಿಗೆ ಸಿಗುತ್ತಾನೆ, ಕೋರ್ಟಿನ ಕಾಗದ ಹಿಡಿದವನ ಕಣ್ಣಿಗೆ ಮಾತ್ರ ಮಾಯ.

ಮಧ್ಯಂತರ ಜೀವನಾಂಶದ ಅರ್ಜಿಯನ್ನು ಆದಷ್ಟೂ 60 ದಿನದಲ್ಲಿ ಮುಗಿಸಬೇಕು ಅಂತ 2001ರಲ್ಲೇ ಕಾನೂನು ಬಂದಿದೆ. ಇದನ್ನು ಹಿಡಿದುಕೊಂಡು ಲಾಯರ ಮುಂದೆ ಕೂತೆ. “ಅಮ್ಮಾ, ಅದು ನೋಟಿಸ್ ಜಾರಿಯಾದ ದಿನದಿಂದ 60. ಜಾರಿಯೇ ಆಗಿಲ್ವಲ್ಲ” ಅಂದರು. ಅಂದರೆ ಬಾಗಿಲು ತೆಗೆಯದವನ ಮನೆಯಲ್ಲಿ ಗಡಿಯಾರವೂ ನಿಂತಿರುತ್ತದೆ. ಈ ಮಧ್ಯೆ, 2024ರ ಜುಲೈ 1ರಂದು, ಜೀವನಾಂಶ ಕೊಡಿಸುವ ಹಳೇ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಹೋಗಿ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 144 ಬಂತು. ಕಾನೂನಿನ ನಂಬರು ಬದಲಾಯಿತು, ಶರಾ ಬರೆಯುವ ಕೈ ಬದಲಾಗಲಿಲ್ಲ.

ಕೊನೆಗೂ ಒಂದು ದಿನ ಬಂದ, ಆಸ್ತಿ–ಆದಾಯದ ಪ್ರಮಾಣಪತ್ರ ಹಿಡಿದು. 2020ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇಬ್ಬರೂ ಇದನ್ನು ಕೊಡಲೇಬೇಕು ಅಂತ ಮಾಡಿದೆ. ನಾನು ಹೊಲಿಗೆ ಮಿಷನ್ನಿನ ಕಂತಿನವರೆಗೂ ಬರೆದಿದ್ದೆ. ಅವನದು ಓದಿದರೆ ಕಣ್ಣೀರು ಬರುವುದು ಗ್ಯಾರಂಟಿ. ಕಾಫಿ ತೋಟ ಅಪ್ಪನ ಹೆಸರಲ್ಲಿ. ಜೀಪು ತಮ್ಮನ ಹೆಸರಲ್ಲಿ. ಕೈಯಲ್ಲಿದ್ದ ಮೊಬೈಲು ಕೂಡ ತಾಯಿಯದಂತೆ. ಸ್ವಂತದ್ದು ಅಂತ ಇದ್ದದ್ದು ಕೈಸಾಲ ಮತ್ತು ಬೆನ್ನುನೋವು. ಕಾಫಿಗೆ ಹಿಂದೆಂದೂ ಕಾಣದ ರೇಟು ಬಂದ ಕಾಲದಲ್ಲಿ, ಇಡೀ ಮಲೆನಾಡಿನಲ್ಲಿ ತೋಟದ ಮಧ್ಯೆ ನಿಂತು ಬಡವನಾದವನು ಇವನೊಬ್ಬನೇ ಇರಬೇಕು.

ದುಡಿಯುವ ಮೈಕಟ್ಟಿದ್ದರೆ ಕೂಲಿ ಮಾಡಿಯಾದರೂ ಹೆಂಡತಿ ಮಕ್ಕಳನ್ನು ಸಾಕಬೇಕು ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಹಾಗಾಗಿ ಬೆನ್ನುನೋವು ನಡೆಯಲಿಲ್ಲ. ಮಗನಿಗೆ ತಿಂಗಳಿಗೆ 6,000 ರೂಪಾಯಿ, ಅರ್ಜಿ ಹಾಕಿದ ದಿನದಿಂದಲೇ, ಅಂತ ಆದೇಶವಾಯಿತು. ಆದೇಶದ ಪ್ರತಿ ನನ್ನ ಬೀರುವಿನಲ್ಲಿ ಭದ್ರವಾಗಿದೆ.

ಕೇಸು ಹಾಕಿದಾಗ ಮಗನ ಸ್ಕೂಲ್ ಶೂ 12ನೇ ನಂಬರು. ಮರುವರ್ಷ 13. ಆಮೇಲೆ ಅಂಗಡಿಯವರು “ಇನ್ನು 1ನೇ ನಂಬರು ಬೇಕು ಅಕ್ಕ” ಅಂದಾಗ ಗಾಬರಿಯಾದೆ. 13 ಮುಗಿದರೆ ಮತ್ತೆ ಒಂದರಿಂದ ಎಣಿಸುವುದಂತೆ. ಥೇಟ್ ನಮ್ಮ ಕೇಸು. ಈಗ 3ನೇ ನಂಬರು, ಅದೂ ಬೆರಳು ಒತ್ತುತ್ತಿದೆ. ಹಿಂದುಗಡೆ ತುಳಿದುಕೊಂಡು ಚಪ್ಪಲಿ ಮಾಡಿಕೊಂಡು ಹೋಗುತ್ತಾನೆ.

ವಸೂಲಿಗೆ ಮತ್ತೆ ಅರ್ಜಿ. ಇಲ್ಲೊಂದು ಸೊಗಸಿದೆ: ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕದಿದ್ದರೆ ಆ ಬಾಕಿಗೆ ವಾರಂಟ್ ಇಲ್ಲ. ತಪ್ಪಿಸಿಕೊಳ್ಳುವವನು ಆರಾಮಾಗಿ ಓಡಾಡಬಹುದು, ಕೇಳುವವಳು ಕ್ಯಾಲೆಂಡರ್ ನೋಡುತ್ತಿರಬೇಕು. ಒಂದೊಂದು ತಿಂಗಳ ಬಾಕಿಗೆ ಒಂದೊಂದು ತಿಂಗಳವರೆಗೆ ಜೈಲಿಗೂ ಹಾಕಬಹುದು. ಒಳಗೆ ಹೋಗಿ ಬಂದರೂ ಸಾಲ ತೀರುವುದಿಲ್ಲ, ಇದು 1989ರ ತೀರ್ಪು. ಇಷ್ಟು ಹೇಳಿದ್ದೇ ತಡ, ಇದುವರೆಗೆ ಮಗನಿಗೊಂದು ಪೆನ್ಸಿಲ್ ಕೊಡಿಸದ ನೆಂಟರೆಲ್ಲ ಒಟ್ಟಾಗಿ ಬಂದರು. “ಎಷ್ಟಾದ್ರೂ ಮಗೂಗೆ ಅಪ್ಪ ಕಣವ್ವ, ಜೈಲಿಗೆ ಹಾಕುಸ್ತೀಯಾ?” ನಮ್ಮಲ್ಲಿ ಅಪ್ಪ ಅನ್ನುವುದು ಬಂಧನದ ಭಯ ಬಂದಾಗ ಸಿಗುವ ಪದವಿ.

ವಾರಂಟ್ ಆಯಿತು. ಸ್ಟೇಷನ್ನಿಗೆ ಹೋದಾಗಲೆಲ್ಲ ಪೊಲೀಸಪ್ಪನದು ಒಂದೇ ಮಾತು: “ಆಸಾಮಿ ಎಲ್ಲವ್ನೆ ಅಂತ ನೀವೇ ಪತ್ತೆ ಮಾಡಿ ಫೋನ್ ಮಾಡಿ ಕಣಮ್ಮ, ಬಂದ್‌ಬುಡ್ತೀವಿ.”

ಹೋದ ಸಲ ಗುಡಿ ಬಾಗಿಲು ತೆಗೆದಾಗ ಮಗನ ಜೊತೆ ಧರ್ಮದರ್ಶನದ ಸಾಲಿನಲ್ಲಿದ್ದೆ. ಬೆಳಗಿನ ಐದಕ್ಕೆ ನಿಂತವರು, ಹತ್ತಾದರೂ ಬ್ಯಾರಿಕೇಡ್ ದಾಟಿರಲಿಲ್ಲ. ಮಗ ನನ್ನ ಸೆರಗು ಎಳೆದ. ಪಕ್ಕದ ಸಾವಿರ ರೂಪಾಯಿ ಟಿಕೆಟಿನ ಸಾಲಿನಲ್ಲಿ ಅವನ ಅಪ್ಪ, ರೇಷ್ಮೆ ಪಂಚೆ, ಹಣೆಗೆ ಕುಂಕುಮ. ತಕ್ಷಣ ಪೊಲೀಸಪ್ಪನಿಗೆ ಫೋನ್ ಮಾಡಿದೆ. ರಿಂಗ್ ಆದದ್ದು ಹತ್ತು ಅಡಿ ದೂರದಲ್ಲೇ. ಅವನಿಗೆ ಗುಡಿಯ ಬಂದೋಬಸ್ತ್ ಹಾಕಿದ್ದರು.

“ಸಾರ್, ಅಲ್ನೋಡಿ, ಅವನೇ!”

“ನೋಡ್ದೆ ಕಣಮ್ಮ. ವಾರಂಟು ಸ್ಟೇಷನ್ನಲ್ಲದೆ. ನಾನಿಲ್ಲಿ ಬಂದೋಬಸ್ತಲ್ಲಿವ್ನಿ” ಅಂತ ಫೋನ್ ಜೇಬಿಗಿಟ್ಟು, ಹಗ್ಗ ಎತ್ತಿ ಹಿಡಿದು ಆ ಕಡೆಗೆ ಕೈ ತೋರಿಸಿದ: “ಸಾವ್ರದವ್ರು ಹಿಂಗ್ ಬನ್ನಿ ಸಾರ್, ನಿಧಾನಕ್ಕೆ, ತಲೆ ಬಗ್ಗಿಸ್ಕೊಂಡ್ ಬನ್ನಿ.”