ಸೆಟ್ ಅಂದ್ರ ಮೊದಲ ಕುಂದ್ರಸೋದು

ಇಂಗ್ಲಿಷಿನ 'ಸೆಟ್' ಶಬ್ದದ ಮ್ಯಾಲೆ ನೀವು ಬರ್ದ ಲೇಖನ ಭಾಳ ಛಲೋ ಅದರಿ. ಆಕ್ಸ್‌ಫರ್ಡ್ ಡಿಕ್ಷನರಿಯ 1989ರ ಎರಡನೇ ಆವೃತ್ತಿಯೊಳಗ 'ಸೆಟ್' ಶಬ್ದಕ್ಕ 430ಕ್ಕಿಂತ ಹೆಚ್ಚು ಅರ್ಥ ಅದಾವ ಅಂತ ಬರ್ದೀರಿ, ಆದ್ರ ಅಷ್ಟು ಅರ್ಥ ಎಲ್ಲಿಂದ ಬಂದ್ವು ಅನ್ನೋದು ಬಿಟ್ಟೀರಿ, ಅದಕ್ಕ ಇಷ್ಟು ಬರೀಲಾಕತ್ತೀನಿ. ಹಳೇ ಇಂಗ್ಲಿಷಿನ 'ಸೆಟ್ಟನ್' ಅಂದ್ರ ಕುಳಿತುಕೊಳ್ಳುವಂಗ ಮಾಡೋದು, ನಮ್ ಕಲಬುರಗಿ ಮಾತಿನ್ಯಾಗ ಸೀದಾ ಕುಂದ್ರಸೋದು. ಉಂಗುರದಾಗ ಹರಳು ಕುಂದ್ರಸೋದೂ ಸೆಟ್ಟೇ, ಸೂರ್ಯ ಕೆಳಗ ಕುಂತ್ರ ಸನ್‌ಸೆಟ್. ಗುಂಪು ಅನ್ನೋ ಅರ್ಥದ ಸೆಟ್ ಮಾತ್ರ ಬ್ಯಾರೆ ಶಬ್ದ, ಹಳೇ ಫ್ರೆಂಚಿನಿಂದ ಬಂದದ್ದು, ಎರಡೂ ಒಂದೇ ಸ್ಪೆಲ್ಲಿಂಗ್‌ನ್ಯಾಗ ಕೂಡ್ಯಾವ ಅಷ್ಟೇ.

ನಾ ಎಂಟನೇತ್ತಿ ಹುಡುಗೋರಿಗಿ ಟ್ಯೂಷನ್ ಹೇಳ್ತೀನ್ರಿ. ಒಬ್ಬ ಹುಡುಗ 'ದಿ ಸನ್ ಸೆಟ್ಸ್' ಅನ್ನೋದಕ್ಕ "ಸೂರ್ಯ ಜೋಡಿಸ್ತಾನ" ಅಂತ ಬರ್ದಿದ್ದ, ಗೈಡ್‌ನ್ಯಾಗ ಒಂದೇ ಅರ್ಥ ಕೊಟ್ಟಿದ್ರು, ಪಾಪ ಅವಂದೇನು ತಪ್ಪು. ಅವರಪ್ಪ ಗೌಂಡಿ. ನಮ್ ಮನಿ ಸ್ಲ್ಯಾಬ್ ಹಾಕಿದ ಮರುದಿನ ಹೆಬ್ಬಟ್ಟಿಲೆ ಒತ್ತಿ ನೋಡಿ "ಸೆಟ್ ಆಗ್ಯಾದ್ರಿ, ಇನ್ನ ನೀರ್ ಹೊಡೀರಿ" ಅಂದಿದ್ರು. ಅದನ್ನೇ ಹೇಳ್ದೆ, ನಿಮ್ಮಪ್ಪನ ಸಿಮೆಂಟ್ ಹೆಂಗ ಕುಂಡರ್ತದ ಸೂರ್ಯನೂ ಹಂಗೇ ಕುಂಡರ್ತಾನ ಅಂತ. ಹುಡುಗಗ ತಟ್ಟನೆ ಹೊಳೀತು!

ಹಂಗೇ ನಮ್ಮ 'ಹೊಡಿ' ನೋಡ್ರಿ. ತೊಗರಿಗಿ ಎಣ್ಣಿ (ಕೀಟದ ಔಷಧ) ಹೊಡೀತೀವಿ, ಗಾಡಿಗಿ ಗಾಳಿ, ಗ್ವಾಡಿಗಿ ಬಣ್ಣ, ಫೋನೂ ಹೊಡೀತೀವಿ. ದಯವಿಟ್ಟು ಮುಂದಿನ ಸಲ ಇದರ ಮ್ಯಾಲೂ ಬರೀರಿ.