ಗೋಡೆ ಹತ್ತಲು ಅನುಮತಿ ಅರಳಿ ಗಿಡಕ್ಕೆ ಮಾತ್ರ

ಬೀಗ ನೋಡಿದಿರಾ? ನೋಡೇ ಇರುತ್ತೀರಿ. ಹಳೇ ಗೋದಾಮಿನ ಮುಂದೆ ಹಾದು ಹೋಗುವ ಇಡೀ ಬಡಾವಣೆ ಈಗ ಅದನ್ನೇ ನೋಡುತ್ತಿದೆ. ಅಂಗೈ ಅಗಲದ ಹಿತ್ತಾಳೆ ಬೀಗ. ಹೊಚ್ಚ ಹೊಸದು. ದಸರಾ ಆನೆಯ ಹಣೆಪಟ್ಟಿ ತರ ಹೊಳೆಯುತ್ತದೆ. ಬಾಗಿಲಿನ ಬಲಕ್ಕೆ ಗೋಡೆ ಕುಸಿದು, ಒಂದಾಳು ನುಸುಳುವಷ್ಟು ಕಿಂಡಿ ಬಿದ್ದು ವರ್ಷಗಳೇ ಆಗಿವೆ. ನಾಯಿ, ಮೇಕೆ, ಇಸ್ಪೀಟಿನವರು ಎಲ್ಲರೂ ಅದರಲ್ಲೇ ಓಡಾಡುತ್ತಾರೆ. ಚಿತ್ರದುರ್ಗದ ಕಿಂಡಿಗೆ ಒನಕೆ ಹಿಡಿದ ಓಬವ್ವನಾದರೂ ಇದ್ದಳು. ನಮ್ಮ ಕಿಂಡಿಗೆ ಯಾರೂ ಇಲ್ಲ. ಬಾಗಿಲು ಮಾತ್ರ ಭದ್ರ.

ಬೀಗದ ಜೊತೆಗೆ ಒಂದು ಬೋರ್ಡೂ ಬಂದಿದೆ. ‘ಶಿಥಿಲ ಕಟ್ಟಡ. ಪ್ರವೇಶ ನಿಷೇಧಿಸಿದೆ.’ ಅದನ್ನು ಹೊಡೆಯುವಾಗ ನಾನು ಎದುರಿನ ಟೀ ಅಂಗಡಿಯಲ್ಲಿ ಇದ್ದೆ. ಮೊದಲ ಮೊಳೆಗೇ ಒಂದು ಬಾಂಡ್ಲಿ ಗಾರೆ ಉದುರಿತು. ಎರಡನೇ ಮೊಳೆಗೆ ಇನ್ನೊಂದು ಬಾಂಡ್ಲಿ. ಹಾಗಾಗಿ ಬೋರ್ಡಿನಲ್ಲಿ ಬರೆದಿದ್ದು ಸುಳ್ಳು ಅಂತ ಯಾರೂ ಹೇಳುವ ಹಾಗಿಲ್ಲ. ಬರೆಯುವಾಗ ಅರ್ಧ ಸತ್ಯ ಇತ್ತೇನೋ, ಹೊಡೆದ ಮೇಲೆ ಪೂರ್ತಿ ಸತ್ಯವಾಯಿತು.

ಕತೆ ನಿಮಗೆ ಗೊತ್ತು. ಒಂದಿಷ್ಟು ಹುಡುಗ ಹುಡುಗಿಯರು ಈ ಗೋದಾಮನ್ನು ಕ್ಲೈಂಬಿಂಗ್ ಸೆಂಟರ್, ಅಂದರೆ ಗೋಡೆ ಹತ್ತುವುದನ್ನು ಅಭ್ಯಾಸ ಮಾಡುವ ಜಾಗ, ಮಾಡುತ್ತೇವೆ ಅಂತ ಹೊರಟರು. ಭಾನುವಾರ ಭಾನುವಾರ ಬಂದು ಪಾರಿವಾಳದ ಹಿಕ್ಕೆ, ಬಾಟಲಿ, ಸತ್ತ ಇಲಿ ಎಲ್ಲ ಬಾಚಿ ಟ್ರ್ಯಾಕ್ಟರ್‌ಗೆ ತುಂಬಿದರು. ಟ್ರ್ಯಾಕ್ಟರ್ ಬಾಡಿಗೆಯೂ ಅವರದೇ. ಹಳೇ ಗೋಡೆಯನ್ನು ಮುಟ್ಟುವುದಿಲ್ಲ, ಒಳಗೆ ಬೇರೆಯೇ ಕಬ್ಬಿಣದ ಚೌಕಟ್ಟು ನಿಲ್ಲಿಸುತ್ತೇವೆ, ಅದಕ್ಕೆ ಪ್ಲೈವುಡ್ ಹೊದಿಸಿ, ಹಿಡಿಯೋಕೆ ಬಣ್ಣ ಬಣ್ಣದ ಗುಬುಟು ಬೋಲ್ಟ್ ಮಾಡುತ್ತೇವೆ, ಕೆಳಗೆ ದಪ್ಪ ಮೆತ್ತೆ ಹಾಸುತ್ತೇವೆ ಅಂತ ನಕ್ಷೆ ಬರೆದು ಅರ್ಜಿ ಕೊಟ್ಟರು. ಮೊದಲು ಎಂಜಿನಿಯರ್ ಬಂದು ಕಟ್ಟಡ ಪರೀಕ್ಷೆ ಮಾಡಲಿ, ಫೀಸು ನಾವೇ ಕಟ್ಟುತ್ತೇವೆ ಅಂದರು. ಅಲ್ಲೇ ಎಡವಿದ್ದು. ಪರೀಕ್ಷೆ ಮಾಡಿದರೆ ಫಲಿತಾಂಶ ಬರುತ್ತದೆ. ಫಲಿತಾಂಶ ಬಂದರೆ ಅದಕ್ಕೆ ಯಾರಾದರೂ ಸಹಿ ಹಾಕಬೇಕು.

ಮೀಟಿಂಗಿಗೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ತಲೆ ನೆರೆತವನೊಬ್ಬ ಜೊತೆಗಿದ್ದರೆ ತೂಕ ಇರುತ್ತೆ ಅಂತ. ಆ ಕಚೇರಿಯ ಹೆಸರು ಬೇಡ. ಮೈಸೂರಿನ ಯಾವ ಕಚೇರಿಯನ್ನು ನೆನೆಸಿಕೊಂಡು ಓದಿದರೂ ಕತೆಗೆ ತೊಂದರೆಯಿಲ್ಲ.

‘ಗೋಡೆ ಹತ್ತೋದಾ? ಯಾಕೆ, ಮೆಟ್ಟಿಲಿಲ್ವಾ?’ ಇದು ಮೊದಲ ಪ್ರಶ್ನೆ. ಹುಡುಗರು ನಗಲಿಲ್ಲ. ಕಲಿತಿದ್ದಾರೆ.

ಇದು ಕ್ರೀಡೆ ಸಾರ್ ಅಂದರು. ‘ಬಾಲ್ ಎಲ್ಲಿ?’ ಬಾಲ್ ಇಲ್ಲ ಸಾರ್, ಒಲಿಂಪಿಕ್ಸ್‌ನಲ್ಲಿದೆ, ಟೋಕಿಯೋದಲ್ಲಿ ಮೊದಲ ಸಲ ಸೇರಿಸಿದರು, 2024ರ ಪ್ಯಾರಿಸ್‌ನಲ್ಲಿ ಅಮೆರಿಕದ ಹುಡುಗನೊಬ್ಬ 15 ಮೀಟರ್ ಗೋಡೆಯನ್ನು 4.74 ಸೆಕೆಂಡಿನಲ್ಲಿ ಹತ್ತಿದ, ಆದರೂ ಕಂಚೇ ಸಿಕ್ಕಿದ್ದು ಅಂತ ಒಬ್ಬಳು ಒಂದೇ ಉಸಿರಿಗೆ ಹೇಳಿದಳು. ಸಾಹೇಬರು ಕಂಚು ಅನ್ನುವ ಪದವನ್ನು ಮಾತ್ರ ಹಿಡಿದುಕೊಂಡರು. ‘ಅಷ್ಟು ಜೋರಾಗಿ ಹತ್ತಿದ್ರೂ ಕಂಚೇನಾ? ನೋಡಿ ಮತ್ತೆ. ಯಾಕಮ್ಮ ಬೇಕು ಅವಸರ?’

ಹದಿನೈದು ಮೀಟರಿಗೂ ನಮ್ಮ ಫೈಲಿಗೂ ಹೋಲಿಕೆ ಮಾಡಿ ನಾನೊಂದು ಜೋಕು ಹೊಡೆಯುತ್ತೇನೆ ಅಂತ ಕಾಯುತ್ತಿದ್ದರೆ, ಕ್ಷಮಿಸಿ. ಆ ಜೋಕಿಗೆ ನನ್ನ ತಾತನ ವಯಸ್ಸಾಗಿದೆ. ಫೈಲು ಚೆನ್ನಾಗಿಯೇ ಹತ್ತುತ್ತದೆ. ಹತ್ತಿದ್ದು ಇಳಿಯುವುದಿಲ್ಲ, ಅಷ್ಟೇ. ಗೋಡೆ ಹತ್ತುವವರಿಗೆ ಕೆಳಗೆ ಒಬ್ಬ ಹಗ್ಗ ಹಿಡಿದು ನಿಂತಿರುತ್ತಾನೆ. ಮೇಲಿರುವವನು ಕೈ ಬಿಟ್ಟರೆ ಇವನು ಬಿಗಿ ಹಿಡಿಯಬೇಕು, ಆಮೇಲೆ ನಿಧಾನಕ್ಕೆ ಸಡಿಲ ಬಿಟ್ಟು ಇಳಿಸಬೇಕು. ಹಗ್ಗ ಹಿಡಿದವನು ಫೋನ್ ನೋಡುವ ಹಾಗಿಲ್ಲ. ಈ ಮಾತನ್ನು ಹುಡುಗರು ವಿವರಿಸುವಾಗ ಕಚೇರಿಯಲ್ಲಿ ಎಲ್ಲರೂ ಫೋನ್ ನೋಡುತ್ತಿದ್ದರು.

ಕೊನೆಗೆ ಬಂತು ನೋಡಿ, ಎಲ್ಲರೂ ಕಾಯುತ್ತಿದ್ದ ಪ್ರಶ್ನೆ. ‘ಬಿದ್ದರೆ ಯಾರು ಜವಾಬ್ದಾರಿ?’

ಒಳ್ಳೆಯ ಪ್ರಶ್ನೆ. ಜವಾಬ್ದಾರಿಯ ಬಗ್ಗೆ ಒಂದು ಕಚೇರಿ ಇಷ್ಟು ಕಾಳಜಿ ತೋರಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಇನ್ಶೂರೆನ್ಸ್ ಮಾಡಿಸುತ್ತೇವೆ ಅಂದರು ಹುಡುಗರು. ‘ಹತ್ತೋರಿಗೆಲ್ಲ ಯಾರ್ರೀ ಇನ್ಶೂರೆನ್ಸ್ ಕೊಡ್ತಾರೆ?’

ಇಲ್ಲಿ ನಾನು ಸ್ವಲ್ಪ ದಾರಿ ತಪ್ಪಬೇಕು. ನನ್ನ ಮಾವನ ಮನೆ ಮದ್ದೂರಿನ ಕಡೆ. ಮನೆ ಹಿಂದೆ ಇಪ್ಪತ್ತು ತೆಂಗಿನ ಮರ. ಕಾಯಿ ಕೀಳಲು ಒಬ್ಬ ಬರುತ್ತಾನೆ. ಬರುತ್ತಾನೆ ಅನ್ನುವುದು ವ್ಯಾಕರಣದ ಮಾತು. ನಿಜದಲ್ಲಿ ಅವನಿಗೆ ಫೋನ್ ಮಾಡಬೇಕು, ಎತ್ತುವುದಿಲ್ಲ, ಅವನ ಭಾವಮೈದನಿಗೆ ಮಾಡಬೇಕು, ಅವನು ‘ನಾಳೆ’ ಅನ್ನುತ್ತಾನೆ. ಆ ನಾಳೆ ಬರುವಷ್ಟರಲ್ಲಿ ಕಾಯಿ ತಾನಾಗಿ ಬಿದ್ದು ಮೊಳಕೆ ಒಡೆದಿರುತ್ತದೆ. ಬಂದ ದಿನ ಅವನೇ ಯಜಮಾನ. ಮಾವನವರು ಮಗನ ಮದುವೆಯ ಬೀಗರಿಗೂ ಅಷ್ಟು ಉಪಚಾರ ಮಾಡಿದ್ದು ನಾನು ಕಂಡಿಲ್ಲ. ಮೊದಲು ಕಾಫಿ. ಆಮೇಲೆ ಮರದ ಸುತ್ತ ಒಂದು ಸುತ್ತು. ಆಮೇಲೆ ‘ಈ ಮರ ಹತ್ತಲ್ಲ, ಗಾಳಿ ಐತೆ’ ಅನ್ನುವ ತೀರ್ಪು. ರೇಟು ಮರದ ಲೆಕ್ಕ. ಮರ ಎತ್ತರ ಬೆಳೆದರೆ ರೇಟೂ ಬೆಳೆಯುತ್ತದೆ. ಬೆಳೆದಿದ್ದು ನಮ್ಮ ತಪ್ಪಾ ಅಂತ ನಮ್ಮತ್ತೆ ಪ್ರತಿ ಸಲ ಗೊಣಗುತ್ತಾರೆ, ಪ್ರತಿ ಸಲ ಅವನು ಗೆಲ್ಲುತ್ತಾನೆ. ಅವನ ಮಗ ಬೆಂಗಳೂರಿನಲ್ಲಿ ಡೆಲಿವರಿ ಕೆಲಸದಲ್ಲಿದ್ದಾನೆ. ಮರ ಹತ್ತೋದು ಬೇಡಪ್ಪ ಅಂತ ಅಪ್ಪನೇ ಕಳಿಸಿದ್ದು. ಮಗ ಈಗ ಲಿಫ್ಟ್ ಇಲ್ಲದ ಅಪಾರ್ಟ್‌ಮೆಂಟಿನಲ್ಲಿ ದಿನಕ್ಕೆ ಅದಕ್ಕಿಂತ ಜಾಸ್ತಿ ಹತ್ತುತ್ತಾನಂತೆ.

ಹತ್ತುವವರು ಸಿಗುತ್ತಿಲ್ಲ ಅಂತ ತೆಂಗು ಅಭಿವೃದ್ಧಿ ಮಂಡಳಿಯೇ 2011ರಿಂದ ‘ತೆಂಗಿನ ಮರದ ಸ್ನೇಹಿತರು’ ಅಂತ ತರಬೇತಿ ನಡೆಸುತ್ತಿದೆ. ಕಾಲಲ್ಲಿ ತುಳಿದು ಹತ್ತುವ ಯಂತ್ರ ಕೊಡುತ್ತದೆ. ಮರ ಹತ್ತುವವರಿಗೆಂದೇ ‘ಕೇರ ಸುರಕ್ಷಾ’ ಅಂತ ವಿಮೆ ಇದೆ. ಅಂದರೆ ಈ ದೇಶದ ಸರ್ಕಾರಕ್ಕೆ ಹತ್ತುವುದು ಗೊತ್ತಿಲ್ಲದ ವಿಷಯವೇನಲ್ಲ. ಬಿದ್ದರೆ ಏನು ಮಾಡಬೇಕು ಅಂತ ಯಾರೋ ಪುಣ್ಯಾತ್ಮರು ಕೂತು ಯೋಚಿಸಿದ್ದಾರೆ. ಮೀಟಿಂಗಿನಲ್ಲಿ ನಾನು ಇದನ್ನೇ ಹೇಳಿದೆ. ಸಾಹೇಬರು ಕನ್ನಡಕ ತೆಗೆದು ಕೇಳಿದರು, ‘ಹಾಗಾದ್ರೆ ಇದು ತೋಟಗಾರಿಕೆಗೆ ಬರುತ್ತಾ?’ ಒಂದು ಕ್ಷಣ ನನಗೂ ಆಸೆಯಾಯಿತು. ಗೋಡೆಯನ್ನು ತೆಂಗಿನ ಮರ ಅಂತ ಬರೆದುಕೊಂಡುಬಿಡಲಿ ಅಂತ.

ಹತ್ತುವುದಕ್ಕೆ ಅರಮನೆಯನ್ನೇ ನೋಡಿ. ಸುಮಾರು ಒಂದು ಲಕ್ಷ ಬಲ್ಬು. ಹೋದ ಬಲ್ಬುಗಳನ್ನು ಬದಲಾಯಿಸುವುದು ದೇವತೆಗಳಲ್ಲ. ಚಾಮುಂಡಿ ಬೆಟ್ಟಕ್ಕೆ ಸಾವಿರ ಮೆಟ್ಟಿಲು. ಒಂದೊಂದಕ್ಕೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತ ಹತ್ತುವ ಹೆಣ್ಣುಮಕ್ಕಳ ಬೆನ್ನು ನೋಡಿದರೆ ಒಲಿಂಪಿಕ್ಸ್‌ನವರು ಕೈಮುಗಿಯಬೇಕು. ಅದೇ ಬೆಟ್ಟಕ್ಕೆ ರೋಪ್‌ವೇ ಹಾಕುವ ಯೋಜನೆ ಆಗಾಗ ಎದ್ದು ಕೂರುತ್ತದೆ, ಜನ ಬೈದ ಮೇಲೆ ಮಲಗುತ್ತದೆ. ಕೂತವರನ್ನು ಹಗ್ಗದಲ್ಲಿ ಎಳೆಯುವುದಾದರೆ ಅಭಿವೃದ್ಧಿ. ಹಗ್ಗ ಕಟ್ಟಿಕೊಂಡು ತಾವೇ ಹತ್ತುತ್ತೇವೆ ಅಂದರೆ ‘ಪರಿಶೀಲಿಸಲಾಗುವುದು’.

ಹುಡುಗರು ಪಾಪ, ಹೊರದೇಶದ ಫೋಟೋ ಎಲ್ಲ ಪ್ರಿಂಟ್ ಹಾಕಿಸಿಕೊಂಡು ಹೋಗಿದ್ದರು. ಕಲರ್ ಪ್ರಿಂಟು. ಲಂಡನ್ನಿನಲ್ಲಿ 1850ರ ದಶಕದ ನೀರೆತ್ತುವ ಪಂಪ್‌ಹೌಸ್ ಒಂದಿದೆ. ನೋಡಲು ಕೋಟೆ ಥರ, ಬುರುಜು ಗಿರುಜು ಎಲ್ಲ ಇದೆ. ಕೆಡವುತ್ತೇವೆ ಅಂದಾಗ ಸುತ್ತಲಿನ ಜನ ಗಲಾಟೆ ಮಾಡಿ ಉಳಿಸಿಕೊಂಡರು. 1995ರಿಂದ ಅದು ಕ್ಲೈಂಬಿಂಗ್ ಸೆಂಟರ್. ಬ್ರಿಸ್ಟಲ್‌ನಲ್ಲಿ ಒಂದು ಹಳೇ ಚರ್ಚಿನೊಳಗೇ ಹತ್ತುತ್ತಾರೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ಮುಚ್ಚಿಹೋದ ಸಕ್ಕರೆ ಕಾರ್ಖಾನೆಯ ದಾಸ್ತಾನು ಗೋಪುರಗಳಲ್ಲಿ. ಸಕ್ಕರೆ ಅಂದ ಕೂಡಲೇ ಮೂಲೆಯಲ್ಲಿದ್ದ ಮಂಡ್ಯದ ಗುಮಾಸ್ತರೊಬ್ಬರ ಕಿವಿ ನಿಮಿರಿತು. ‘ನಮ್ ಮೈಷುಗರ್ ಮೇಲೆ ಕಣ್ ಹಾಕ್ಬೇಡಿ.’ ಇಲ್ಲ ಸ್ವಾಮಿ. 1933ರಲ್ಲಿ ಶುರುವಾದ ಕಾರ್ಖಾನೆ, ಎಷ್ಟು ಸಲ ನಿಂತಿತು, ಎಷ್ಟು ಸಲ ಹೊರಟಿತು ಅಂತ ಕಬ್ಬಿನವರಿಗೇ ಲೆಕ್ಕ ತಪ್ಪಿದೆ. ಅದು ಕಬ್ಬು ಅರೆಯುತ್ತಿರಲಿ. ಅದಕ್ಕಿಂತ ದೊಡ್ಡ ಸಾಹಸ ಕ್ರೀಡೆ ಮಂಡ್ಯಕ್ಕೆ ಬೇಡ.

ಫೋಟೋ ನೋಡಿ ಸಾಹೇಬರು ಅಂದರು, ‘ಅದು ಫಾರಿನ್ನು.’ ಚರ್ಚೆ ಮುಗಿಯಿತು. ಇದೇ ಸಾಹೇಬರ ವರ್ಗದವರು ಕಸ ವಿಲೇವಾರಿ ನೋಡಲು ಫಾರಿನ್ನಿಗೆ ಹೋಗಿ ಬರುವಾಗ ಆ ಮಾತು ನೆನಪಾಗುವುದಿಲ್ಲ.

ಈಗ ಆ ಹುಡುಗರು ಹತ್ತಬೇಕಾದರೆ ಭಾನುವಾರ ನಸುಕಿಗೆ ಎದ್ದು ಪಾಂಡವಪುರದ ಕುಂತಿ ಬೆಟ್ಟಕ್ಕೆ ಹೋಗುತ್ತಾರೆ. ಇಲ್ಲವೇ ರಾಮನಗರ. ಮಳೆಗಾಲದಲ್ಲಿ ಟೋಲ್ ಕಟ್ಟಿ ಬೆಂಗಳೂರು. ಚಾವಣಿ ಎತ್ತರ, ನಡುವೆ ಕಂಬ ಇಲ್ಲದ ಕಟ್ಟಡ ಮೈಸೂರಿನಲ್ಲಿ ಎಷ್ಟು ಬೇಕು? ಬಾಗಿಲು ಹಾಕಿದ ಥಿಯೇಟರ್‌ಗಳನ್ನೇ ಎಣಿಸಿ.

ಆದರೂ ಕಚೇರಿಯ ಕಡೆಯಿಂದ ಯೋಚಿಸಿದರೆ ಅವರ ಜಾಣತನ ಮೆಚ್ಚಬೇಕು. ಖಾಲಿ ಕಟ್ಟಡದಷ್ಟು ಸುಖ ಇನ್ನೊಂದಿಲ್ಲ. ಕರೆಂಟ್ ಬಿಲ್ಲಿಲ್ಲ. ದೂರಿಲ್ಲ. ಯಾರಿಗಾದರೂ ಕೊಟ್ಟರೆ ಅದರ ಮೇಲೆ ಒಂದು ಸಹಿ ಬೀಳುತ್ತದೆ. ಖಾಲಿ ಬಿಟ್ಟರೆ ಅದು ಯಾರ ತಲೆ ಮೇಲೂ ಬರುವುದಿಲ್ಲ. ಅಂದರೆ, ಬರುತ್ತದೆ. ಫೈಲಿನ ಲೆಕ್ಕದಲ್ಲಿ ಬರುವುದಿಲ್ಲ.

ನಮ್ಮ ಮೈಸೂರಿನ ಹಳೇ ಲ್ಯಾನ್ಸ್‌ಡೌನ್ ಕಟ್ಟಡ ನೆನಪಿದೆಯಾ? ಕಾಲೇಜಿನ ದಿನಗಳಲ್ಲಿ ನಾನು ಅಲ್ಲಿ ಹಳೇ ಪುಸ್ತಕ ಕೊಳ್ಳುತ್ತಿದ್ದೆ. ಓದಿದ ಮೇಲೆ ಅಲ್ಲಿಗೇ ಮಾರುತ್ತಿದ್ದೆ. ತಾರಸಿಯಲ್ಲಿ ನೀರು ಇಳಿಯುವುದು ಎಲ್ಲರಿಗೂ ಕಾಣುತ್ತಿತ್ತು. ಸುಣ್ಣದ ಗಾರೆಯ ಕಟ್ಟಡಕ್ಕೆ ಶತ್ರು ವಯಸ್ಸಲ್ಲ, ನೀರು. ವರ್ಷಕ್ಕೊಂದು ಸಲ ತಾರಸಿ ನೋಡಿ, ಬಿರುಕು ಮುಚ್ಚಿ, ಗಿಡ ಕಿತ್ತರೆ ಇನ್ನೂ ನೂರು ವರ್ಷ ನಿಲ್ಲುತ್ತದೆ. 2012ರ ಆಗಸ್ಟಿನಲ್ಲಿ ಒಂದು ಭಾಗ ಕುಸಿಯಿತು. ನಾಲ್ಕು ಜನ ಸತ್ತರು. ಅವರು ಯಾರೂ ಗೋಡೆ ಹತ್ತಲು ಹೋದವರಲ್ಲ. ಗೋಡೆಯೇ ಅವರ ಮೇಲೆ ಬಂತು. ನಾಲ್ಕು ವರ್ಷ ಬಿಟ್ಟು, ಮತ್ತೆ ಆಗಸ್ಟ್, ದೇವರಾಜ ಮಾರುಕಟ್ಟೆಯ ಒಂದು ಭಾಗ. ಆಮೇಲೆ ಸಮಿತಿ, ವರದಿ, ಕೋರ್ಟು, ಉಳಿಸಬೇಕಾ ಕೆಡವಬೇಕಾ ಅಂತ ವರ್ಷಗಟ್ಟಲೆ ವಾದ. ಬಿದ್ದರೆ ಯಾರು ಜವಾಬ್ದಾರಿ ಅಂತ ಹುಡುಗರನ್ನು ಕೇಳುತ್ತೀರಲ್ಲ, ಅಲ್ಲಿ ಬಿದ್ದಿತಲ್ಲ, ಯಾರು ಜವಾಬ್ದಾರಿ? ಒಂದು ಹೆಸರು ಹೇಳಿ. ನನಗೆ ಸಾಕಾಗಿದೆ. ತಮಾಷೆಯೂ ಸಾಕಾಗಿದೆ.

ನಮ್ಮ ಗೋದಾಮಿನ ಗೋಡೆ ಈಗಲೂ ಒಬ್ಬರು ಹತ್ತುತ್ತಿದ್ದಾರೆ. ಅರಳಿ ಗಿಡ. ಹಕ್ಕಿ ಹಾಕಿದ ಬೀಜ, ಚಾವಣಿ ಸಂದಿಯಲ್ಲಿ ಹುಟ್ಟಿ ಈಗ ಆಳೆತ್ತರ ಆಗಿದೆ. ಅರ್ಜಿ ಕೊಟ್ಟಿಲ್ಲ. ಬೇರು ಇಟ್ಟಿಗೆ ಸಂದಿಯಲ್ಲಿ ಇಳಿಯುತ್ತ ಗೋಡೆಯನ್ನು ಎರಡು ಹೋಳು ಮಾಡುತ್ತಿದೆ. ಹುಡುಗರು ಅದನ್ನು ಕೀಳುತ್ತೇವೆ ಅಂದಿದ್ದರು. ಸುಮ್ನೆ ಮೇಲೆ ಕತ್ತರಿಸಿದರೆ ಮತ್ತೆ ಚಿಗುರುತ್ತೆ, ಬೇರು ಸಮೇತ ತೆಗೆದು ಸುಣ್ಣದ ಗಾರೆ ತುಂಬಬೇಕು ಅಂತ ಎಲ್ಲೋ ಓದಿಕೊಂಡು ಬಂದಿದ್ದರು. ‘ಅರಳಿ ಮರ ಕಡಿಯೋದಾ? ಅದಕ್ಕೆ ಬೇರೆ ಇಲಾಖೆ’ ಅನ್ನುವ ಉತ್ತರ ಬಂತು.

ಕಳೆದ ಮಂಗಳವಾರ ಸಂಜೆ ಅದೇ ಗೋದಾಮಿನ ನೆತ್ತಿಗೆ ಫ್ಲೆಕ್ಸ್ ಕಟ್ಟಿದರು. ಯಾರದೋ ಹುಟ್ಟುಹಬ್ಬ. ಪ್ಲಾಸ್ಟಿಕ್ ಫ್ಲೆಕ್ಸಿಗೆ ರಾಜ್ಯದಲ್ಲಿ 2016ರಿಂದ ನಿಷೇಧ ಇದೆ, ಇರಲಿ. ಕಿಂಡಿಯಿಂದ ಇಬ್ಬರು ಹುಡುಗರು ಒಳಗೆ ಹೋದರು. ಹತ್ತೊಂಬತ್ತು ಇಪ್ಪತ್ತರ ವಯಸ್ಸು. ಚಪ್ಪಲಿ ಕೆಳಗೆ ಬಿಟ್ಟರು. ಕಿಟಕಿ, ಅದರ ಮೇಲಿನ ಕಮಾನು, ಅರಳಿ ಬೇರು, ಚಾವಣಿ ಅಂಚು. ಹತ್ತಿಯೇ ಬಿಟ್ಟರು. ಕೆಳಗೆ ನಿಂತವರಲ್ಲಿ ಕಚೇರಿಯ ಒಬ್ಬರೂ ಇದ್ದರು. ‘ಎಡಕ್ಕೆ, ಇನ್ನೂ ಸ್ವಲ್ಪ ಎಡಕ್ಕೆ, ಫೋಟೋ ಸೊಟ್ಟ ಆಯ್ತು’ ಅಂತ ಕೂಗುತ್ತಿದ್ದರು.

ಇಳಿದ ಮೇಲೆ ಒಬ್ಬ ಟೀ ಅಂಗಡಿಗೆ ಬಂದ. ಮೊಣಕೈ ತರಚಿತ್ತು. ಎಷ್ಟು ಕೊಡ್ತಾರಪ್ಪ ಅಂದೆ. ಇಬ್ಬರಿಗೂ ಸೇರಿ ಐನೂರು ಅಂದ. ಹಗ್ಗ ಇರಲಿಲ್ವಾ ಅಂದೆ.

‘ಇತ್ತಲ್ಲ ಸಾರ್. ಫ್ಲೆಕ್ಸ್‌ಗೆ ಕಟ್ಟಿದ್ವಿ.’